ಮೀಸೆ ಮಣ್ಣು ಮಾಡಿಕೊಂಡ ಜಟ್ಟಿ

ಡಬ್ಲ್ಯೂಡಬ್ಲ್ಯೂಎಫ್ ಕುಸ್ತಿಯ ಕಾರ್ಡು ಆಡಿ ಬೆಳೆದವರಿಗೆ ನೆನಪಿರಬಹುದು, ಕೈಗೆ ಮ್ಯಾನ್‌ಕೈಂಡ್ ಬಂದರೆ ಯಾರೂ ಕುಣಿಯುತ್ತಿರಲಿಲ್ಲ. ಎತ್ತರ ಕೇಳಿದರೆ ಅಂಡರ್‌ಟೇಕರ್ ಮುಂದೆ ಸೋಲು. ಬೈಸೆಪ್ಸ್ ಕೇಳಿದರೆ ಹೆಚ್ಚುಕಡಿಮೆ ಎಲ್ಲರ ಮುಂದೂ ಸೋಲು. ತೂಕ ಕೇಳಿ ಒಮ್ಮೊಮ್ಮೆ ಬಚಾವಾಗಬಹುದಿತ್ತು, ಅಷ್ಟೆ. ಮುಖಕ್ಕೆ ಕಂದು ತೊಗಲಿನ ಮುಖವಾಡ, ಎಣ್ಣೆ ಕಾಣದ ಕೂದಲು, ಮುಂದೆ ಬಂದ ಹೊಟ್ಟೆ. ಪೈಲ್ವಾನ ಎಂದು ಕರೆಯಲು ನಾಲಿಗೆ ತಡವರಿಸುವಂಥ ಆಸಾಮಿ. ಎಷ್ಟು ಎತ್ತರದಿಂದ ಕೆಳಗೆ ಬಿದ್ದಿದ್ದಾನೆ ಎಂದು ಆ ಕಾರ್ಡಿನಲ್ಲಿ ಇನ್ನೊಂದು ಸಾಲು ಅಚ್ಚು ಹಾಕಿದ್ದರೆ ಮಾತ್ರ ಅದನ್ನು ಹೊಡೆಯುವ ಕಾರ್ಡು ಕಟ್ಟಿನಲ್ಲೇ ಇರುತ್ತಿರಲಿಲ್ಲ.

ನನ್ನ ಸೋದರಮಾವ ಹರೆಯದಲ್ಲಿ ದಾವಣಗೆರೆಯ ಗರಡಿಯಲ್ಲಿ ಸಾಮು ಮಾಡಿದವರು. ನಾವು ಹುಡುಗರು ಕೇಬಲ್ ಟಿ.ವಿ.ಯಲ್ಲಿ ಇದನ್ನು ಹಚ್ಚಿಕೊಂಡು ಕೂತರೆ ಬಾಗಿಲಲ್ಲೇ ಒಂದು ಗಳಿಗೆ ನಿಂತು, ‘ಇದೆಂಥಾ ಕುಸ್ತಿಲೇ, ದೊಡ್ಡಾಟ ಇದ್ದಂಗೈತಿ’ ಎಂದು ಹೋಗಿಬಿಡುತ್ತಿದ್ದರು. ಮಾವ ಬೈಗುಳವೆಂದು ಆಡಿದ ಮಾತು ನಿಜಕ್ಕೂ ಸರಿಯಾದ ವಿವರಣೆ. ದೊಡ್ಡಾಟದಲ್ಲಿ ಕೀಚಕ ಸಾಯುತ್ತಾನೆಂದು ಊರಿಗೆಲ್ಲ ಗೊತ್ತು, ಆದರೂ ಬೆಳಗಿನ ಜಾವದವರೆಗೆ ಕೂರುವುದಿಲ್ಲವೆ? ಅಮೆರಿಕದ ವೃತ್ತಿಪರ ಕುಸ್ತಿಯೂ ಹಾಗೆಯೇ. ಯಾರು ಗೆಲ್ಲಬೇಕೆಂಬುದನ್ನು ಕಂಪನಿ ಮೊದಲೇ ತೀರ್ಮಾನಿಸಿರುತ್ತದೆ. ಖಳನಿಗೆ ‘ಹೀಲ್’ ಎಂದೂ ಒಳ್ಳೆಯವನಿಗೆ ‘ಫೇಸ್’ ಎಂದೂ ಆ ವೃತ್ತಿಯವರ ಪರಿಭಾಷೆ. ಇಬ್ಬರೂ ಹೊಂದಾಣಿಕೆಯಿಂದಲೇ ಹೊಡೆದಾಡುತ್ತಾರೆ. ಈ ಒಳಗುಟ್ಟನ್ನು ಹೊರಗೆ ಬಿಡದಿರುವುದಕ್ಕೆ ‘ಕೇಫೇಬ್’ ಎಂದು ಹೆಸರು. ದಶಕಗಟ್ಟಲೆ ಕಾಪಾಡಿದ್ದ ಆ ಗುಟ್ಟನ್ನು 1989ರಲ್ಲಿ ಡಬ್ಲ್ಯೂಡಬ್ಲ್ಯೂಎಫ್ ತಾನೇ ನ್ಯೂಜೆರ್ಸಿಯ ಶಾಸಕರ ಮುಂದೆ ಒಪ್ಪಿಕೊಂಡಿತು. ಇದು ಕ್ರೀಡೆಯಲ್ಲ, ಮನರಂಜನೆ ಎಂದರೆ ಕ್ರೀಡಾ ಆಯೋಗದ ಕಟ್ಟಳೆಗಳಿಂದಲೂ ಶುಲ್ಕದಿಂದಲೂ ಪಾರಾಗಬಹುದಿತ್ತು. ಹಣದ ವಿಷಯ ಬಂದಾಗ ಗುಟ್ಟಿಗೆ ಎಷ್ಟು ಬೆಲೆ!

ಆದರೆ ಮಾವನ ಮಾತಿಗೆ ಒಂದು ತಿದ್ದುಪಡಿ ಬೇಕು. ಗೆಲುವು ಬರೆದಿಟ್ಟದ್ದಾದರೂ ಬೀಳುವುದು ನಿಜ. ರಿಂಗ್ ಎಂದರೆ ಕಬ್ಬಿಣದ ತೊಲೆ, ಅದರ ಮೇಲೆ ಮರದ ಹಲಗೆ, ತೆಳ್ಳನೆಯ ಫೋಮು, ಮೇಲೊಂದು ಕ್ಯಾನ್ವಾಸು. ಅದರ ಮೇಲೆ ಬೀಳುವ ಬಗೆಯೇ ಈ ವಿದ್ಯೆಯ ಅ ಆ ಇ ಈ. ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ಬೆನ್ನು ಪೂರ್ತಿಯಾಗಿ ಒಂದೇ ಸಲಕ್ಕೆ ತಾಗಬೇಕು, ಅಂಗೈಗಳನ್ನು ಪಟಾರೆಂದು ಬಡಿಯಬೇಕು, ಉಸಿರು ಬಿಡಬೇಕು. ಇದಕ್ಕೆ ‘ಬಂಪ್’ ಎನ್ನುತ್ತಾರೆ. ನಮ್ಮ ಗರಡಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಅಲ್ಲಿಗೆ ಮರ್ಯಾದೆ ಹೋಯಿತು. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಜಟ್ಟಿ ವಾದ ಮಾಡುವುದು ಅದಕ್ಕೇ. ಅಲ್ಲಾದರೋ ಬೆನ್ನು ತಾಗಿಸುವುದೇ ಕಸುಬು. ಆ ಕಸುಬಿನಲ್ಲಿ ಮಿಕ್ ಫೋಲಿಯಷ್ಟು, ಅಂದರೆ ಆ ಕಾರ್ಡಿನ ಮ್ಯಾನ್‌ಕೈಂಡ್‌ನಷ್ಟು, ದೂರ ಹೋದವರು ಕಡಿಮೆ. ಮೀಸೆಯಷ್ಟೇ ಅಲ್ಲ, ಕಿವಿ, ಹಲ್ಲು, ಸೊಂಟ ಎಲ್ಲವನ್ನೂ ಮಣ್ಣು ಮಾಡಿಕೊಂಡ ಮನುಷ್ಯ ಈತ.

ಹುಟ್ಟಿದ್ದು 1965ರ ಜೂನ್ 7, ಬೆಳೆದದ್ದು ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ. 1983ರ ಅಕ್ಟೋಬರ್ 17ರಂದು, ಕಾಲೇಜಿನಲ್ಲಿದ್ದಾಗ, ಸಿಕ್ಕ ಸಿಕ್ಕ ಕಾರಿಗೆ ಕೈ ಅಡ್ಡ ಹಿಡಿದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಸೇರಿದ. ಅಂದು ಜಿಮ್ಮಿ ಸ್ನೂಕಾ ಎಂಬ ಕುಸ್ತಿಪಟು ಕಬ್ಬಿಣದ ಪಂಜರದ ತುದಿ ಹತ್ತಿ ಕೆಳಗೆ ಮಲಗಿದ್ದ ಡಾನ್ ಮುರಾಕೋ ಮೇಲೆ ಹಾರಿದ. ಹದಿನೆಂಟರ ಹುಡುಗನಿಗೆ ತನ್ನ ದಾರಿ ಯಾವುದೆಂದು ಅಲ್ಲೇ ಗೊತ್ತಾಯಿತು. ಗೆಳೆಯರ ಜೊತೆ ಮನೆಯ ಮಾಡಿನಿಂದ ಹಾರಿ ಅದನ್ನು ವಿಡಿಯೊ ಮಾಡಿದ. ಆ ವಿಡಿಯೊದಲ್ಲಿ ಅವನು ತನಗಿಟ್ಟುಕೊಂಡ ಹೆಸರು ಡ್ಯೂಡ್ ಲವ್. ಹುಡುಗಿಯರು ಮುಗಿಬೀಳುವ ಸೊಗಸುಗಾರನ ವೇಷ ಅದು. ಹುಡುಗಿಯರು ತಿರುಗಿಯೂ ನೋಡದ ಹುಡುಗ ಇನ್ನೇನು ಕನಸು ಕಂಡಾನು?

ಗುರು ಸಿಕ್ಕಿದ್ದು ಪಿಟ್ಸ್‌ಬರ್ಗ್ ಹತ್ತಿರದ ಫ್ರೀಡಮ್ ಎಂಬ ಊರಿನಲ್ಲಿ. ಹೆಸರು ಡಾಮಿನಿಕ್ ಡಿನೂಚಿ, ಇಟಲಿ ಮೂಲದ ಹಳೆಯ ಪೈಲ್ವಾನ. ವಾರಾಂತ್ಯ ಬಂತೆಂದರೆ ಫೋಲಿ ಕಾಲೇಜಿನಿಂದ ಗಂಟೆಗಟ್ಟಲೆ ಕಾರು ಓಡಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದ, ರಾತ್ರಿ ಕಾರಿನಲ್ಲೇ ಮಲಗುತ್ತಿದ್ದ. 1986ರಲ್ಲಿ ಅಖಾಡಕ್ಕಿಳಿದ. ಆರಂಭದಲ್ಲಿ ಸಿಕ್ಕ ಕೆಲಸ ಟಿ.ವಿ.ಯಲ್ಲಿ ದೊಡ್ಡ ಹೆಸರಿನವರ ಕೈಲಿ ಸೋಲುವುದು. ಇಂಥವನಿಗೆ ‘ಜಾಬರ್’ ಎನ್ನುತ್ತಾರೆ, ಕೂಲಿಗೆ ಸೋಲುವವನು. ಹೀಗೊಂದು ಪಂದ್ಯದಲ್ಲಿ ಡೈನಮೈಟ್ ಕಿಡ್ ಬೀಸಿದ ತೋಳು ದವಡೆಗೆ ಬಿದ್ದು ಕೆಲವು ವಾರ ಗಟ್ಟಿ ಆಹಾರ ಅಗಿಯಲಾಗಲಿಲ್ಲ. ನಾಟಕದ ಏಟು ನಿಜದ ಏಟಾಗಲು ಎದುರಿನವನ ಮರ್ಜಿ ಸಾಕು ಎಂಬ ಪಾಠ ಶುರುವಿನಲ್ಲೇ ಆಯಿತು.

ಚೆಂದದ ಮೈಯಿಲ್ಲ, ಜಿಗಿಯುವ ಕಾಲಿಲ್ಲ. ಹಾಗಾದರೆ ಜನ ತನ್ನನ್ನೇಕೆ ನೋಡಬೇಕು? ಫೋಲಿ ಕಂಡುಕೊಂಡ ಉತ್ತರ ಕ್ಯಾಕ್ಟಸ್ ಜ್ಯಾಕ್. ಉಳಿದವರು ಒಳಗೆ ಬೀಳುವಾಗ ಈ ವೇಷದವನು ರಿಂಗಿನ ಅಂಚಿನಿಂದ ಹೊರಗಿನ ಕಾಂಕ್ರೀಟ್ ನೆಲಕ್ಕೆ ಮೊಣಕೈ ಮುಂದೆ ಮಾಡಿ ಹಾರುತ್ತಿದ್ದ. ಎದುರಾಳಿಗೆ ತಾಗುವುದು ಅಷ್ಟಕ್ಕಷ್ಟೆ, ಸೊಂಟ ಮಾತ್ರ ನೇರ ನೆಲಕ್ಕೆ. ಡಬ್ಲ್ಯೂಸಿಡಬ್ಲ್ಯೂ ಎಂಬ ಕಂಪನಿಯಲ್ಲಿದ್ದಾಗ ವೇಡರ್ ಎಂಬ ದೈತ್ಯನ ಜೊತೆ ಜೋಡಿ ಬಿತ್ತು. 1993ರಲ್ಲಿ ನೆಲದ ಮ್ಯಾಟ್ ಸರಿಸಿ ಬರಿಯ ಕಾಂಕ್ರೀಟಿಗೇ ಎತ್ತಿ ಕುಕ್ಕಿಸಿಕೊಂಡ. ಮರುವರ್ಷ ಮಾರ್ಚಿನಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಎರಡು ಹಗ್ಗಗಳ ನಡುವೆ ಕತ್ತು ಸಿಕ್ಕಿಸಿಕೊಳ್ಳುವ ತನ್ನ ಹಳೆಯ ವರಸೆ ಮಾಡಿದ. ಅಂದು ಹಗ್ಗ ಎಂದಿಗಿಂತ ಬಿಗಿಯಾಗಿತ್ತು. ತಲೆ ಎಳೆದುಕೊಳ್ಳುವಾಗ ಬಲಗಿವಿ ಹರಿಯಿತು. ಆಮೇಲೂ ವೇಡರ್ ಜೊತೆ ಹೊಡೆದಾಟ ಮುಂದುವರಿಯಿತು, ಕಿವಿ ಕಳಚಿ ಬಿತ್ತು, ರೆಫರಿ ಅದನ್ನು ನೆಲದಿಂದ ಎತ್ತಿಕೊಂಡ. ಪಂದ್ಯ ನಿಲ್ಲಲಿಲ್ಲ. ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲವೇ ಎಂದು ನಿಮ್ಮ ಹಾಗೆ ನಾನೂ ಕೇಳಿಕೊಂಡಿದ್ದೇನೆ. ಫೋಲಿಗೆ ಕಿವಿ ಹೋದದ್ದಕ್ಕಿಂತ ಕಂಪನಿ ಅದನ್ನು ಕಥೆಯಾಗಿ ಬಳಸಿಕೊಳ್ಳಲಿಲ್ಲವಲ್ಲ ಎಂಬುದು ಹೆಚ್ಚು ನೋಯಿಸಿತು. ಆ ಕಂಪನಿ ಬಿಟ್ಟ.

ಅಲ್ಲಿಂದ ಹೋದದ್ದು ಫಿಲಡೆಲ್ಫಿಯಾಕ್ಕೆ. ಬಿಂಗೊ ಆಡುವ ಹಾಲೊಂದರಲ್ಲಿ ಪಾಲ್ ಹೇಮನ್ ನಡೆಸುತ್ತಿದ್ದ ಇಸಿಡಬ್ಲ್ಯೂ ಆಗ ‘ಹಾರ್ಡ್‌ಕೋರ್’ ಎಂಬ ಹೆಸರಿಗೆ ರಾಜಧಾನಿ. ಕುರ್ಚಿ, ಬೆತ್ತ, ಮೇಜು, ಮುಳ್ಳುತಂತಿ, ಕೈಗೆ ಸಿಕ್ಕಿದ್ದೆಲ್ಲ ಆಯುಧ. ಹಣೆಯ ರಕ್ತ ಬಣ್ಣವಲ್ಲ. ಬೆರಳಿನ ಪಟ್ಟಿಯಲ್ಲಿ ಬ್ಲೇಡಿನ ಚೂರು ಅಡಗಿಸಿಟ್ಟುಕೊಂಡು, ಕೆಳಗೆ ಬಿದ್ದಾಗ ತಮ್ಮ ಹಣೆಯನ್ನು ತಾವೇ ಗೀರಿಕೊಳ್ಳುವುದು ಈ ವೃತ್ತಿಯ ಹಳೆಯ ಪದ್ಧತಿ. ಮೈಸೂರಿನ ವಜ್ರಮುಷ್ಟಿ ಕಾಳಗ ಬಲ್ಲವರಿಗೆ ಇದರ ವೈಪರೀತ್ಯ ಥಟ್ಟನೆ ಹೊಳೆಯುತ್ತದೆ. ವಿಜಯದಶಮಿಯಂದು ಅರಮನೆಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಆಯುಧ ತೊಟ್ಟು ನಿಲ್ಲುತ್ತಾರೆ. ತಲೆಯಿಂದ ರಕ್ತ ಜಿನುಗಿದ ಕೂಡಲೇ ಕಾಳಗ ಮುಗಿಯಿತು, ಹಿರಿಯರು ಅಡ್ಡ ಬಂದು ಇಬ್ಬರನ್ನೂ ಬಿಡಿಸುತ್ತಾರೆ. ಫಿಲಡೆಲ್ಫಿಯಾದಲ್ಲಿ ಬಿಡಿಸುವ ಹಿರಿಯರಿಲ್ಲ. ರಕ್ತ ಕಂಡ ಮೇಲೆಯೇ ಅಲ್ಲಿ ಆಟಕ್ಕೆ ಕಳೆ.

ಜಪಾನ್ ಇನ್ನೂ ಮುಂದೆ ಹೋಗಿತ್ತು. ಹಗ್ಗದ ಬದಲು ಮುಳ್ಳುತಂತಿ ಕಟ್ಟುವುದು, ಅದಕ್ಕೆ ಸಿಡಿಮದ್ದು ಜೋಡಿಸುವುದನ್ನು ಅಲ್ಲಿ ಅತ್ಸುಶಿ ಒನೀಟಾ ಎಂಬಾತ ಜನಪ್ರಿಯಗೊಳಿಸಿದ್ದ. 1995ರ ಆಗಸ್ಟ್ 20ರಂದು ಕವಾಸಾಕಿ ಸ್ಟೇಡಿಯಮ್ಮಿನಲ್ಲಿ ‘ಕಿಂಗ್ ಆಫ್ ದ ಡೆತ್‌ಮ್ಯಾಚ್’ ಎಂಬ ಟೂರ್ನಿ ನಡೆಯಿತು. ಒಂದೇ ದಿನ ಪಂದ್ಯದ ಮೇಲೆ ಪಂದ್ಯ ಆಡಿ ಫೋಲಿ ಫೈನಲ್ ಮುಟ್ಟಿದ. ಎದುರಿಗೆ ತನ್ನ ಆರಾಧ್ಯದೈವ, 51ರ ಟೆರಿ ಫಂಕ್. ಇಬ್ಬರೂ ಮುಳ್ಳುತಂತಿಯಲ್ಲಿ ತೊಡರಿಕೊಂಡರು, ಸಿಡಿಮದ್ದಿನಲ್ಲಿ ಸುಟ್ಟುಕೊಂಡರು. ಫೋಲಿ ಗೆದ್ದ. ಕೊನೆಯಲ್ಲಿ ಇಡೀ ರಿಂಗೇ ಸ್ಫೋಟಿಸುತ್ತದೆಂದು ಡಂಗುರ ಸಾರಿದ್ದರು. ಅದು ಮಾತ್ರ ನೆನೆದ ಪಟಾಕಿಯ ಹಾಗೆ ಠುಸ್ ಎಂದಿತು.

ಆ ವರ್ಷವೇ ನಡೆದ ಇನ್ನೊಂದು ಸಂಗತಿ ನನ್ನ ಮಟ್ಟಿಗೆ ಫೋಲಿಯ ವೃತ್ತಿಬದುಕಿನ ತಿರುವು. ಇಸಿಡಬ್ಲ್ಯೂ ಪ್ರೇಕ್ಷಕರ ನಡುವೆ ಒಬ್ಬ ಅಭಿಮಾನಿ ಒಂದು ಫಲಕ ಎತ್ತಿ ಹಿಡಿದಿದ್ದ. ಫೋಲಿಯ ಮೂರು ವರ್ಷದ ಮಗನ ಹೆಸರು ಬರೆದು, ಅವನಿಗೆ ಬೆತ್ತದಿಂದ ಬಾರಿಸಿ ಎಂದು ಅದರಲ್ಲಿತ್ತು. ತಮಾಷೆಗೆ ಬರೆದದ್ದೇ ಇರಬಹುದು. ಫೋಲಿಗೆ ತಮಾಷೆ ಎನಿಸಲಿಲ್ಲ. ಕ್ಯಾಮೆರಾ ಮುಂದೆ ನಿಂತು ಅದೇ ಫಲಕವನ್ನು ನೆಪ ಮಾಡಿಕೊಂಡು, ನಿಮ್ಮ ಈ ರಕ್ತದ ಹಸಿವಿಗಾಗಿ ನಾನು ಮೈ ಹರಿದುಕೊಂಡೆನೇ ಎಂಬ ಧಾಟಿಯಲ್ಲಿ ಪ್ರೇಕ್ಷಕರಿಗೇ ಛೀಮಾರಿ ಹಾಕಿದ. ಕುಸ್ತಿಯ ಮಾತುಗಾರಿಕೆಯಲ್ಲಿ ಇಂದಿಗೂ ಜನ ಹುಡುಕಿ ನೋಡುವ ಭಾಷಣ ಅದು. ಆಮೇಲೆ ಮಾಡಿದ್ದು ಇನ್ನೂ ಸೊಗಸು. ಜನ ರಕ್ತ ಬೇಕೆಂದು ಕೂಗಿದರೆ ಈತ ಎದುರಾಳಿಯ ತಲೆಯನ್ನು ಕಂಕುಳಲ್ಲಿ ಹಿಡಿದು ಆರಾಮವಾಗಿ ಕೂತುಬಿಡುತ್ತಿದ್ದ. ನಿಮಿಷಗಟ್ಟಲೆ ಅದೇ ಹಿಡಿತ. ಕುರ್ಚಿ ಮುಟ್ಟುತ್ತಿರಲಿಲ್ಲ. ಎದುರಾಳಿ ಕಂಪನಿಯ ಮುಖ್ಯಸ್ಥನ ಚಿತ್ರವಿರುವ ಅಂಗಿ ಹಾಕಿಕೊಂಡು ಬರುತ್ತಿದ್ದ. ಜನ ರೊಚ್ಚಿಗೆದ್ದರು. ಯಾರಿಗೂ ನೋವು ಮಾಡದೆ, ತಾನೂ ನೋಯದೆ, ಬರೀ ನಿರಾಕರಣೆಯಿಂದ ಆ ಹಾಲಿನ ಅತಿ ದೊಡ್ಡ ಖಳನಾದ. ಬೇಕೆಂದರೆ ಬೀಳದೆಯೂ ಜನರನ್ನು ಹಿಡಿದಿಡಬಲ್ಲವನಾಗಿದ್ದ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಮುಂದಿನದೆಲ್ಲ ನೋಡುವಾಗ ಇದು ನನ್ನನ್ನು ಕಾಡುತ್ತದೆ.

1996ರಲ್ಲಿ ಡಬ್ಲ್ಯೂಡಬ್ಲ್ಯೂಎಫ್‌ಗೆ ಬಂದ, ಮ್ಯಾನ್‌ಕೈಂಡ್ ಆದ. ಬಾಯ್ಲರ್ ಕೋಣೆಯಲ್ಲಿ ವಾಸ, ತನ್ನ ಕೂದಲನ್ನು ತಾನೇ ಕಿತ್ತುಕೊಳ್ಳುವ ಹುಚ್ಚು. ಬಣ್ಣದ ವೇಷದ ಹಾಗೆ ಭಯ ಹುಟ್ಟಿಸುವುದಷ್ಟೇ ಉದ್ದೇಶ. ಮರುವರ್ಷ ಆ ಹಳೆಯ ಮನೆ ವಿಡಿಯೊ ಟಿ.ವಿ.ಯಲ್ಲಿ ಬಂತು, ಡ್ಯೂಡ್ ಲವ್ ವೇಷವೂ ಜೀವ ತಳೆಯಿತು. 1998ರ ಜನವರಿಯ ರಾಯಲ್ ರಂಬಲ್‌ನಲ್ಲಿ ಒಂದೇ ಪಂದ್ಯಕ್ಕೆ ಮೂರೂ ವೇಷದಲ್ಲಿ ಮೂರು ಸಲ ಪ್ರವೇಶ ಮಾಡಿದ. ನಮ್ಮ ಮೇಳಗಳಲ್ಲೂ ಒಬ್ಬನೇ ಕಲಾವಿದ ಒಂದು ರಾತ್ರಿಗೆ ಎರಡು ಮೂರು ವೇಷ ಕಟ್ಟುತ್ತಾನೆ. ಆದರೆ ಅವನನ್ನು ಯಾರೂ ಹಗ್ಗದ ಮೇಲಿಂದ ಎಸೆಯುವುದಿಲ್ಲ.

ಇನ್ನು ಆ ಪಂದ್ಯ. 1998ರ ಜೂನ್ 28, ಪಿಟ್ಸ್‌ಬರ್ಗಿನ ಸಿವಿಕ್ ಅರೀನಾ. ಕಾರಿನಲ್ಲಿ ಮಲಗಿ ವಿದ್ಯೆ ಕಲಿತ ಊರಿನ ಪಕ್ಕವೇ. ರಿಂಗಿನ ಸುತ್ತ, ಮೇಲೆಯೂ ಬಲೆ ಹೊದಿಸಿದ 16 ಅಡಿಯ ಪಂಜರ, ಎದುರಾಳಿ ಅಂಡರ್‌ಟೇಕರ್. ಪಂಜರದೊಳಗೆ ಹೋಗಬೇಕಾದ ಫೋಲಿ ಒಂದು ಕುರ್ಚಿಯನ್ನು ಮೇಲಕ್ಕೆಸೆದು ತಾನೇ ಪಂಜರ ಹತ್ತಿದ. ಪಾದದ ಮೂಳೆ ಮುರಿದಿದ್ದರೂ ಅಂಡರ್‌ಟೇಕರ್ ಹಿಂದೆಯೇ ಹತ್ತಿದ. ಇಬ್ಬರೂ ಹೆಜ್ಜೆಯಿಟ್ಟಲ್ಲೆಲ್ಲ ಬಲೆ ಕುಸಿಯುತ್ತಿತ್ತು. ಒಂದೆರಡು ನಿಮಿಷದಲ್ಲೇ ಅಂಡರ್‌ಟೇಕರ್ ಆತನ ಅಂಗಿ ಹಿಡಿದು ಅಂಚಿನಿಂದ ಹೊರಕ್ಕೆ ಎಸೆದ. ಸುಮಾರು 130 ಕಿಲೋದ ದೇಹ ಗಾಳಿಯಲ್ಲಿ ಅರ್ಧ ಸುತ್ತು ತಿರುಗಿ ಸ್ಪ್ಯಾನಿಷ್ ವೀಕ್ಷಕ ವಿವರಣೆಗಾರರ ಮೇಜಿನ ಮೇಲೆ ಬಿತ್ತು, ಮೇಜು ಪುಡಿಯಾಯಿತು. ಜಿಮ್ ರಾಸ್ ಎಂಬ ಪಳಗಿದ ವಿವರಣೆಗಾರನ ದನಿ ಕೊಲೆ ಕಂಡವನ ದನಿಯಾಗಿತ್ತು.

ಹೀಗೆ ಬೀಳುವುದು ಮೊದಲೇ ಮಾತಾಡಿಕೊಂಡದ್ದು. ಪಂಜರದ ಮೇಲಿಂದಲೇ ಎಸೆಯಿಸಿಕೊಂಡುಬಿಡು ಎಂದು ಟೆರಿ ಫಂಕ್ ಹಿಂದೊಮ್ಮೆ ನಗುತ್ತ ಅಂದಿದ್ದನ್ನು ಫೋಲಿ ನಿಜ ಮಾಡಿದ್ದ. ಸ್ಟ್ರೆಚರ್ ಮೇಲೆ ಹೊತ್ತೊಯ್ಯುವಾಗ ಎದ್ದು, ಕೀಲು ತಪ್ಪಿದ ಭುಜದಲ್ಲೇ ಮತ್ತೆ ಪಂಜರ ಹತ್ತಿದ. ಮೇಲೆ ಅಂಡರ್‌ಟೇಕರ್ ಕತ್ತು ಹಿಡಿದೆತ್ತಿ ಬಲೆಯ ಮೇಲೆ ಕುಕ್ಕಿದ. ಬಲೆ ಜೋತುಬೀಳಬೇಕಿತ್ತು, ಆದರೆ ಪೂರ್ತಿ ಕಿತ್ತುಕೊಂಡಿತು. ಫೋಲಿ ನೇರ ರಿಂಗಿಗೆ ಬಿದ್ದ, ಬೆನ್ನಿಗೇ ಮೇಲಿದ್ದ ಕುರ್ಚಿ ಬಂದು ಮುಖಕ್ಕೆ ಬಡಿಯಿತು. ಇದನ್ನು ಯಾರೂ ಬರೆದಿರಲಿಲ್ಲ. ಪ್ರಜ್ಞೆ ತಪ್ಪಿತು. ಹಲ್ಲು ಮುರಿದು ಮೂಗಿನ ಹೊಳ್ಳೆಯಲ್ಲಿ ಸಿಕ್ಕಿಕೊಂಡಿತು, ಕೆಳದುಟಿಯ ಕೆಳಗೆ ತೂತಾಯಿತು. ಚೇತರಿಸಿಕೊಳ್ಳಲಿ ಎಂದು ಟೆರಿ ಫಂಕ್ ನಡುವೆ ನುಗ್ಗಿ ಅಂಡರ್‌ಟೇಕರ್ ಕೈಲಿ ತಾನು ಹೊಡೆತ ತಿಂದ. ಸ್ವಲ್ಪ ಹೊತ್ತಿಗೆ ಕ್ಯಾಮೆರಾ ಫೋಲಿಯ ಮುಖಕ್ಕೆ ಹೋದರೆ ಆತ ನಗುತ್ತಿದ್ದಾನೆ! ಅಸಲಿಗೆ ತುಟಿಯ ತೂತಿನಿಂದ ನಾಲಿಗೆ ಹೊರಗೆ ತೋರಿಸಲು ಹೆಣಗುತ್ತಿದ್ದನಂತೆ. ಆಮೇಲೂ ನೋಟಿಸ್ ಬೋರ್ಡಿಗೆ ಚುಚ್ಚುವ ಪಿನ್ನುಗಳನ್ನು ಚೀಲದಿಂದ ಸುರಿದು ಅದರ ಮೇಲೆ ಬಿದ್ದ. ಸೋತ. ಒಳಗೆ ಹೋದ ಮೇಲೆ, ಪಿನ್ನು ಬಳಸಿದೆನಾ ಎಂದು ಅಂಡರ್‌ಟೇಕರ್‌ನನ್ನು ಕೇಳಿದನಂತೆ. ನಿನ್ನ ತೋಳು ನೋಡಿಕೋ ಎಂಬುದು ಉತ್ತರ. ಕಂಪನಿಯ ಒಡೆಯ ವಿನ್ಸ್ ಮ್ಯಾಕ್‌ಮೆಹನ್ ಧನ್ಯವಾದ ಹೇಳಿ, ಇನ್ನೆಂದೂ ಹೀಗೆ ಮಾಡಬೇಡ ಎಂದ. ಅದೇ ರಾತ್ರಿಯ ಮುಖ್ಯ ಪಂದ್ಯದಲ್ಲಿ ಫೋಲಿ ಮತ್ತೆ ಕಾಣಿಸಿಕೊಂಡ ಎಂಬುದು ಬೇರೆ ಮಾತು.

ನಮ್ಮ ಮನೆಯಲ್ಲಿ ಇದು ಬಂದಾಗ ಮಾವ ಎಂದಿನಂತೆ ಬಾಗಿಲಲ್ಲಿದ್ದರು. ದೊಡ್ಡಾಟದ ಮಾತು ಬರಲಿಲ್ಲ. ಒಳಗೆ ಬಂದು ಚಾಪೆಯ ಮೇಲೆ ಕೂತರು. ಜಾಹೀರಾತು ಬಂದಾಗ, ‘ಆ ಹುಡುಗ ಉಳಕಂಡನೇನ್ಲೇ?’ ಎಂದು ಕೇಳಿದರು.

ಉಳಿದುಕೊಂಡ, ಜನಪ್ರಿಯನೂ ಆದ. ಭೀಕರ ವೇಷ ಕರಗಿ ವಿದೂಷಕನದಾಯಿತು. ಕೈಗೆ ಹಾಕಿದ ಕಾಲುಚೀಲಕ್ಕೆ ಕಣ್ಣು ಮೂಗು ಬರೆದು ಮಿಸ್ಟರ್ ಸಾಕೊ ಎಂದು ಹೆಸರಿಟ್ಟ, ಅದನ್ನು ಎದುರಾಳಿಗಳ ಬಾಯಿಗೆ ತುರುಕಿದ, ಜನ ಹುಚ್ಚೆದ್ದು ಕುಣಿದರು. 1999ರ ಜನವರಿ 4ರಂದು ಆತ ಚಾಂಪಿಯನ್ ಆಗುವ ಪಂದ್ಯ ಪ್ರಸಾರವಾಗಲಿತ್ತು. ಅದು ಮೊದಲೇ ಚಿತ್ರೀಕರಿಸಿದ್ದು. ಅದೇ ಹೊತ್ತಿಗೆ ಬೇರೆ ಚಾನೆಲಿನಲ್ಲಿದ್ದ ಡಬ್ಲ್ಯೂಸಿಡಬ್ಲ್ಯೂ ತನ್ನ ವಿವರಣೆಗಾರನಿಂದ ಆ ಫಲಿತಾಂಶವನ್ನು ಮೊದಲೇ ಬಾಯಿಬಿಡಿಸಿ, ಇವನನ್ನು ನೋಡಲು ಯಾರು ಬರುತ್ತಾರೆಂದು ಗೇಲಿ ಮಾಡಿಸಿತು. ಸುಮಾರು 6 ಲಕ್ಷ ವೀಕ್ಷಕರು ಆ ಕ್ಷಣವೇ ರಿಮೋಟು ಒತ್ತಿ ಫೋಲಿಯ ಕಡೆ ಬಂದರು. ಕೂಲಿಗೆ ಸೋಲುತ್ತಿದ್ದವನಿಗೆ ಅದಕ್ಕಿಂತ ದೊಡ್ಡ ಗೆಲುವು ಏನಿದೆ? ಇಲ್ಲಿಗೇ ಸಾಕಿತ್ತು.

ಸಾಕಾಗಲಿಲ್ಲ. ಅದೇ ತಿಂಗಳ 24ರಂದು, ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿ, ದ ರಾಕ್ ಎಂಬ ಕುಸ್ತಿಪಟುವಿನ ಜೊತೆ ‘ಐ ಕ್ವಿಟ್’ ಪಂದ್ಯ. ಸೋತೆ ಎಂದು ಬಾಯಿಬಿಟ್ಟು ಹೇಳುವವರೆಗೆ ಹೊಡೆತ. ಫೋಲಿಯ ಎರಡೂ ಕೈಗೆ ಹಿಂದಿನಿಂದ ಬೇಡಿ ಹಾಕಲಾಯಿತು. ಆಯುಧ, ಮದುವೆ ಮನೆಗೆ ಶಾಮಿಯಾನದವರು ತರುವಂಥ ಮಡಚುವ ಕಬ್ಬಿಣದ ಕುರ್ಚಿ. ಇಂಥ ಏಟಿಗೆ ಸಾಮಾನ್ಯವಾಗಿ ಕೈ ಅಡ್ಡ ತರುತ್ತಾರೆ, ಇಲ್ಲವೇ ಬೆನ್ನು ಕೊಡುತ್ತಾರೆ. ಬೇಡಿ ಹಾಕಿದ ಮೇಲೆ ಅಡ್ಡ ತರಲು ಕೈಯೆಲ್ಲಿದೆ? ಮಾತಾಡಿಕೊಂಡದ್ದು 5 ಏಟು. ಬಿದ್ದದ್ದು 11, ಎಲ್ಲವೂ ತಲೆಗೆ. ಕೊನೆಗೆ ಕೇಳಿಸಿದ ‘ಸೋತೆ’ ಎಂಬ ದನಿಯೂ ಬೇರೆ ಸಂದರ್ಶನದಿಂದ ಕತ್ತರಿಸಿ ಹಾಕಿದ ಧ್ವನಿಮುದ್ರಣ. ಕಥೆ ಅಷ್ಟು ಜಾಣತನದ್ದು, ಏಟು ಅಷ್ಟು ಹಸಿಯದು.

ಮುಂದಿನ ಸಾಲಿನಲ್ಲಿ ಹೆಂಡತಿ ಮತ್ತು ಇಬ್ಬರು ಪುಟ್ಟ ಮಕ್ಕಳು ಕೂತಿದ್ದರು. ಬ್ಯಾರಿ ಬ್ಲಾಸ್ಟೀನ್ ಎಂಬ ನಿರ್ದೇಶಕನ ‘ಬಿಯಾಂಡ್ ದ ಮ್ಯಾಟ್’ ಸಾಕ್ಷ್ಯಚಿತ್ರದ ಕ್ಯಾಮೆರಾ ಅವರ ಮೇಲಿತ್ತು. ಪಂದ್ಯಕ್ಕೆ ಮುಂಚೆ ಫೋಲಿ ಮಕ್ಕಳಿಗೆ, ಇದು ಆಟ, ಅಪ್ಪನಿಗೆ ಏನೂ ಆಗುವುದಿಲ್ಲ ಎಂದು ಹೇಳಿದ್ದ. ಏಟು ಬೀಳುತ್ತಿದ್ದಂತೆ ಮಕ್ಕಳು ಕಿರುಚಿ ಅಳತೊಡಗಿದವು, ತಾಯಿ ಅವರನ್ನು ಎಬ್ಬಿಸಿಕೊಂಡು ಹೊರಟಳು. ಕೆಲವು ದಿನ ಬಿಟ್ಟು ಬ್ಲಾಸ್ಟೀನ್ ಆ ತುಣುಕನ್ನು ಫೋಲಿಗೆ ಅವನ ಮನೆಯಲ್ಲೇ ತೋರಿಸಿದ. ಪಿಟ್ಸ್‌ಬರ್ಗಿನಲ್ಲಿ ಹಲ್ಲು ಮೂಗಿಗೆ ಸಿಕ್ಕಿದಾಗಲೂ ನಕ್ಕ ಮುಖ ಇಲ್ಲಿ ಸಣ್ಣದಾಗುವುದು ಕಾಣುತ್ತದೆ. ಮಗನ ಹೆಸರು ಬರೆದ ಫಲಕಕ್ಕೆ ಸಿಡಿದೆದ್ದವನು ಅದೇ ಮಗನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದ. ಫೋಲಿಯನ್ನು ಮೆಚ್ಚುವ ನಾನು ಇದಕ್ಕೆ ಸಮಜಾಯಿಷಿ ಹುಡುಕಿ ಸೋತಿದ್ದೇನೆ.

ಅದೇ ವರ್ಷ ಆತ್ಮಕಥೆ ಬಂತು. ಬೇರೆಯವರಿಂದ ಬರೆಸಲು ಒಪ್ಪದೆ, ಕಂಪ್ಯೂಟರ್ ಬಾರದೆ, ವಿಮಾನದಲ್ಲಿ, ಹೋಟೆಲಿನಲ್ಲಿ ಕೂತು ನೂರಾರು ಪುಟ ಕೈಯಲ್ಲೇ ಬರೆದ. ನ್ಯೂಯಾರ್ಕ್ ಟೈಮ್ಸ್ ಪಟ್ಟಿಯ ತುದಿಗೇರಿತು. ತನ್ನ ಬಗ್ಗೆ ತಾನೇ ನಗುವ ಬರಹ ಅದು. ಗುಟ್ಟು ಕಾಪಾಡುವ ವೃತ್ತಿಯಲ್ಲಿದ್ದು ಅಷ್ಟು ಬಿಚ್ಚುಮನಸ್ಸಿನಿಂದ ಬರೆದದ್ದು ದೊಡ್ಡದು. ಮುಂದೆ ಕಾದಂಬರಿ, ಮಕ್ಕಳ ಪುಸ್ತಕಗಳನ್ನೂ ಬರೆದ. 2000ದಲ್ಲಿ ನಿವೃತ್ತಿ ಎಂದ, ಕೆಲವೇ ವಾರಗಳಲ್ಲಿ ಅದನ್ನು ಮುರಿದ, ಈ ಚಟ ಎಲ್ಲ ಕಲಾವಿದರದೂ. 2006ರಲ್ಲಿ ಬೆಂಕಿ ಹಚ್ಚಿದ ಮೇಜಿನ ಮೇಲೂ ಬಿದ್ದ. 2013ರಲ್ಲಿ ಹಾಲ್ ಆಫ್ ಫೇಮ್ ಗೌರವ ಬಂತು, ಪರಿಚಯಿಸಿದ್ದು ಟೆರಿ ಫಂಕ್. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ನೆರವಾಗುವ ಸಂಸ್ಥೆಯೊಂದಕ್ಕೆ ಹಣವನ್ನೂ ಸಮಯವನ್ನೂ ಕೊಟ್ಟ. ಕ್ರಿಸ್‌ಮಸ್ ಬಂದರೆ ಸಾಂತಾ ವೇಷ ಹಾಕುವುದು ಈಗಿನ ಹುಚ್ಚು.

2007ರಲ್ಲಿ ಕ್ರಿಸ್ ಬೆನ್ವಾ ಎಂಬ ಕುಸ್ತಿಪಟು ಹೆಂಡತಿ ಮಗನನ್ನು ಕೊಂದು ತಾನೂ ಸತ್ತ. ಪರೀಕ್ಷಿಸಿದಾಗ ಅವನ ಮೆದುಳು ತೀವ್ರವಾಗಿ ಹಾಳಾಗಿರುವುದು ತಿಳಿಯಿತು. ಆನಹೈಮ್‌ನಲ್ಲಿ ಬಿದ್ದಂಥ ತಲೆಯೇಟುಗಳ ಲೆಕ್ಕ ಜನ ಕೇಳತೊಡಗಿದ್ದು ಆಮೇಲೆ. 2010ರಲ್ಲಿ ಮ್ಯಾಕ್‌ಮೆಹನ್‌ನ ಕಂಪನಿ ತಲೆಗೆ ಕುರ್ಚಿಯಿಂದ ಹೊಡೆಯುವುದನ್ನು ನಿಷೇಧಿಸಿತು.

ಪಿಟ್ಸ್‌ಬರ್ಗಿನಲ್ಲಿ ಫೋಲಿ ಬಿದ್ದದ್ದು ಇಂದು ಯಾರ ಮೊಬೈಲಿನಲ್ಲಾದರೂ ಸಿಗುತ್ತದೆ, ಅರ್ಧ ನಿಮಿಷದ ತುಣುಕು. ನೋಡುವವರು ‘ಬಿಯಾಂಡ್ ದ ಮ್ಯಾಟ್’ ಕೂಡ ಹುಡುಕಿ ನೋಡಿ. ಮನೆಯಲ್ಲಿ ಮಕ್ಕಳಿದ್ದರೆ, ಅವು ಮಲಗಿದ ಮೇಲೆ.